‘ಗಿಡಮೂಲಿಕೆ ತಾನೇ?’: ಯಕೃತ್ತಿನ ಪಾಠದಲ್ಲಿ ನಾನು ತಿದ್ದಿಕೊಂಡ ಉತ್ತರ

ಬೋಧನಾಭ್ಯಾಸದ ಎರಡನೇ ವಾರ ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಘಟಕದಿಂದ ಮಾನವನ ಜೀರ್ಣಾಂಗವ್ಯೂಹದ ಪಾಠ ಮಾಡುತ್ತಿದ್ದೆ. ಪಿತ್ತಜನಕಾಂಗ, ಅಂದರೆ ಯಕೃತ್ತು, ಪಿತ್ತರಸವನ್ನು ಸ್ರವಿಸುತ್ತದೆ, ಅದು ಕೊಬ್ಬಿನ ದೊಡ್ಡ ಹನಿಗಳನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ ಎಂದು ಚಾರ್ಟ್ ತೋರಿಸಿ ವಿವರಿಸಿದ್ದಾಯಿತು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಮಿಸ್, ನಮ್ಮಪ್ಪಂಗೆ ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ಡಾಕ್ಟರು ತೂಕ ಇಳಿಸಿ ಅಂದ್ರು. ಅಪ್ಪ ಒಂದು ಗಿಡಮೂಲಿಕೆ ಪುಡಿ ತಂದು ದಿನಾ ಕುಡೀತಿದಾರೆ. ಅದ್ರಲ್ಲಿ ವಾಸಿ ಆಗುತ್ತಾ?”

ಗಂಟೆ ಹೊಡೆಯಲು ಐದು ನಿಮಿಷವಿತ್ತು. “ಗಿಡಮೂಲಿಕೆ ತಾನೇ, ಒಳ್ಳೇದೇ ಮಾಡುತ್ತೆ. ತೊಂದರೆ ಏನೂ ಆಗಲ್ಲ” ಎಂದುಬಿಟ್ಟೆ. ಅವಳು ಸಮಾಧಾನದಿಂದ ಕುಳಿತಳು.

ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆಯ ಬಳಕೆ ಎರಡಕ್ಕೂ ‘ಉತ್ತಮ’ ಎಂದು ಬರೆದಿದ್ದರು. ಕೊನೆಯಲ್ಲಿ ನನ್ನ ಆ ವಾಕ್ಯವನ್ನು ಬರೆದು, ಪಕ್ಕದಲ್ಲಿ “ಇದಕ್ಕೆ ಆಧಾರ?” ಎಂದು ಕೇಳಿದ್ದರು.

ಆಧಾರವಿರಲಿಲ್ಲ. ಇದ್ದದ್ದು ಒಂದು ನೆನಪು. ಚಿಕ್ಕಂದಿನಲ್ಲಿ ನನಗೆ ಕಾಮಾಲೆಯಾದಾಗ ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದ್ದರು, ಗುಣವಾಗಿತ್ತು. ಆ ಸಂಜೆ ಗ್ರಂಥಾಲಯದಲ್ಲಿ ಕುಳಿತು ಓದಿ, ಮರುದಿನದ ಪಾಠ ಯೋಜನೆಯ ‘ವಿಸ್ತರಣೆ’ ಹಂತವನ್ನು ಹೊಸದಾಗಿ ಬರೆದೆ.

ಮರುದಿನದ ಪಾಠ

ಮೊದಲಿಗೆ, “ನಿನ್ನೆ ನಾನು ಹೇಳಿದ ಉತ್ತರ ತಪ್ಪು. ಇವತ್ತು ಸರಿಯಾಗಿ ನೋಡೋಣ” ಎಂದೆ. ತರಗತಿ ಒಮ್ಮೆಲೇ ನಿಶ್ಶಬ್ದವಾಯಿತು.

ಹಂತ 1: ದಾರಿ. ಸಣ್ಣಕರುಳಿನಿಂದ ಯಕೃತ್ತಿಗೆ ಹೋಗುವ ಪೋರ್ಟಲ್ ಅಭಿಧಮನಿಯನ್ನು ಹಲಗೆಯ ಮೇಲೆ ಬರೆದೆ. ಕರುಳಿನಲ್ಲಿ ಹೀರಲ್ಪಟ್ಟ ಹೆಚ್ಚಿನ ಪದಾರ್ಥಗಳು ರಕ್ತದೊಡನೆ ಮೊದಲು ತಲಪುವುದು ಯಕೃತ್ತನ್ನೇ. ಮಾತ್ರೆಯೂ ಅದೇ ದಾರಿ, ಬೇರಿನ ಪುಡಿಯೂ ಅದೇ ದಾರಿ. ಅವನ್ನು ರಾಸಾಯನಿಕವಾಗಿ ಬದಲಿಸುವ ಕೆಲಸ ಯಕೃತ್ತಿನ ಕೋಶಗಳದು. ಹಾಗಾಗಿ ಅದು ಗಿಡದಿಂದ ಬಂದದ್ದು ಎಂಬ ಕಾರಣಕ್ಕೇ ನಿರಪಾಯಕಾರಿ ಎನ್ನಲಾಗದು.

ಹಂತ 2: ಹೋಲಿಕೆ. ನನ್ನ ಕಾಮಾಲೆಯ ಕಥೆ ಹೇಳಿ, “ನೆಲನೆಲ್ಲಿಯಿಂದಲೇ ಗುಣವಾಯಿತೆಂದು ಹೇಗೆ ಗೊತ್ತು?” ಎಂದು ಕೇಳಿದೆ. ಹೆಪಟೈಟಿಸ್ ‘ಎ’ ವೈರಸ್‌ನಿಂದಾದ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂದು ತಿಳಿಸಿದಾಗ ಒಬ್ಬ ಹುಡುಗ, “ಕುಡಿಯದೇ ಇರೋರನ್ನೂ ನೋಡ್ಬೇಕು ಮಿಸ್” ಎಂದ. ನಿಯಂತ್ರಿತ ಪ್ರಯೋಗದ ಪರಿಕಲ್ಪನೆ ಮಕ್ಕಳಿಂದಲೇ ಬಂತು. ಫ್ಯಾಟಿ ಲಿವರ್ ಬೇರೆಯೇ ಕಾಯಿಲೆ. ಯಕೃತ್ತಿನಲ್ಲಿ ಶೇ. 5ಕ್ಕಿಂತ ಹೆಚ್ಚು ಕೊಬ್ಬು ಸೇರಿದರೆ ಹಾಗೆನ್ನುತ್ತಾರೆ. ಮದ್ಯ ಮುಟ್ಟದವರಲ್ಲೂ ಬೊಜ್ಜು, ಸಕ್ಕರೆ ಕಾಯಿಲೆಗಳ ಜೊತೆ ಅದು ಬರುತ್ತದೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೂ ಆಗುತ್ತದೆ ಎನ್ನಲು ಆಧಾರ ಬೇಕು.

ಹಂತ 3: ಪಟ್ಟಿ. ‘ಬಳಕೆಯಲ್ಲಿದೆಯೇ? ಪರೀಕ್ಷೆಯಾಗಿದೆಯೇ? ಸುರಕ್ಷಿತವೇ?’ ಎಂಬ ಮೂರು ಕಾಲಂ ಹಾಕಿ, ಮಕ್ಕಳು ಹೇಳಿದ ಹೆಸರುಗಳ ಜೊತೆ ನನ್ನದೊಂದನ್ನು ಸೇರಿಸಿ ತುಂಬಿದೆವು. ನಾನು ಸೇರಿಸಿದ್ದು ಮಿಲ್ಕ್ ಥಿಸಲ್ ಗಿಡದ ಸಿಲಿಮರಿನ್. ಕೆಲವು ಪ್ರಯೋಗಗಳಲ್ಲಿ ಅದು ರಕ್ತದಲ್ಲಿನ ಯಕೃತ್ತಿನ ಕಿಣ್ವಗಳನ್ನು ತಗ್ಗಿಸಿದೆ. ಯಕೃತ್ತಿನ ಗಾಯದ ಕಲೆಯನ್ನು ವಾಸಿಮಾಡುತ್ತದೆ ಎಂಬುದು ಸಾಬೀತಾಗಿಲ್ಲ. ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾಂದ್ರ ಸಾರದ ಮಾತ್ರೆ ಬೇರೆ. ಸಾರದಲ್ಲಿನ ಇಜಿಸಿಜಿ ದಿನಕ್ಕೆ 800 ಮಿ.ಗ್ರಾಂ ತಲಪಿದರೆ ಅಪಾಯವಿರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಸಾರಿಗೆ ಹಾಕುವ ಅರಿಶಿನಕ್ಕೂ ಅರಿಶಿನದ ಸಾಂದ್ರ ಮಾತ್ರೆಗೂ ಇದೇ ವ್ಯತ್ಯಾಸ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅದು ಅಮೃತಬಳ್ಳಿಯೇ ಎಂಬುದು ಖಚಿತವಾಗಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಎರಡು ಮಾತನ್ನೂ ಪಟ್ಟಿಯಲ್ಲಿ ಬರೆಸಿದೆ.

ಕೊನೆಗೆ ಒಂದು ಲೆಕ್ಕ. ತೂಕ ಹೆಚ್ಚಿರುವವರಲ್ಲಿ ಶೇ. 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ, ಶೇ. 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. 80 ಕೆ.ಜಿ. ತೂಗುವವರು ಎಷ್ಟು ಇಳಿಸಬೇಕು? ಮಕ್ಕಳು 4, 5.6, 8 ಎಂದು ಬರೆದರು.

ತರಗತಿ ಮುಗಿದ ಮೇಲೆ ಆ ಹುಡುಗಿ ಬಂದಳು. “ಹಾಗಾದ್ರೆ ಪುಡಿ ಬಿಟ್ಬಿಡಿ ಅಂತ ಅಪ್ಪಂಗೆ ಹೇಳ್ಲಾ ಮಿಸ್?”

“ಅದನ್ನ ಹೇಳೋಕೆ ನಾನು ಡಾಕ್ಟರಲ್ಲಮ್ಮ. ಆ ಡಬ್ಬೀನ ಡಾಕ್ಟರಿಗೆ ಬೇಗ ತೋರಿಸಿ ಅಂತ ಹೇಳು. ನಮ್ಮ ಮಿಸ್ ನಿನ್ನೆ ಹೇಳಿದ್ದು ತಪ್ಪಂತೆ ಅಂತಾನೂ ಹೇಳು.”

ಅವಳು ತಲೆ ತಗ್ಗಿಸಿ, “ನಿನ್ನೇನೇ ಹೇಳ್ಬಿಟ್ಟೆ ಮಿಸ್. ಅಪ್ಪ ಖುಷಿಯಾದ್ರು” ಎಂದಳು. ಐದು ನಿಮಿಷ ಉಳಿಸಲು ನಾನು ಆಡಿದ ಮಾತು ಆ ರಾತ್ರಿಯೇ ಒಂದು ಮನೆ ತಲಪಿತ್ತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಆರೋಗ್ಯಕ್ಕೆ ಸಂಬಂಧಿಸಿದ ಪಾಠದಲ್ಲಿ ಮಕ್ಕಳು ಮನೆಯ ಕಾಯಿಲೆಯನ್ನು ತಂದೇ ತರುತ್ತಾರೆ. ಈಗ ನನ್ನ ಪಾಠ ಯೋಜನೆಯಲ್ಲಿ ‘ಮಕ್ಕಳು ಕೇಳಬಹುದಾದ ಪ್ರಶ್ನೆಗಳು’ ಎಂಬ ಒಂದು ಸಾಲು ಇದೆ. ಉತ್ತರ ತಿಳಿಯದಿದ್ದರೆ “ನಾಳೆ ನೋಡಿ ಹೇಳುತ್ತೇನೆ” ಎನ್ನುತ್ತೇನೆ. ಮನೆಮದ್ದನ್ನು ಹೀಯಾಳಿಸುವುದಿಲ್ಲ, ಹಾಗೆಂದು ಅದಕ್ಕೆ ಖಾತ್ರಿಯನ್ನೂ ಕೊಡುವುದಿಲ್ಲ. ಮಾರ್ಗದರ್ಶಕರ ಆ ಪ್ರಶ್ನೆಯನ್ನು ಮೊದಲು ನನಗೇ ಕೇಳಿಕೊಳ್ಳುತ್ತೇನೆ: ಇದಕ್ಕೆ ಆಧಾರ?