ನೆರೆಮನೆಯ ಸದ್ದು: ಅನುಮಸ್ತಿಷ್ಕಕ್ಕೂ ನೋಟಕ್ಕೂ ಏನು ನಂಟು?

ಹತ್ತನೇ ಕ್ಲಾಸಲ್ಲಿ ನಾವೆಲ್ಲ ಉರು ಹೊಡೆದ ಸಾಲೊಂದಿದೆ: ದೇಹದ ಸಮತೋಲನ ಕಾಪಾಡುವುದು ಅನುಮಸ್ತಿಷ್ಕದ ಕೆಲಸ. ಆಗ ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಕತ್ತಿನ ಮೇಲೆ, ತಲೆಯ ಹಿಂಭಾಗದಲ್ಲಿ ಕೂತಿರೋ ಈ ಸೆರೆಬೆಲ್ಲಂ ಮಿದುಳಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ. ನರಕೋಶಗಳ ಲೆಕ್ಕ ಬೇರೆಯೇ. 2009ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇಲ್ಲೇ ಇವೆ. ಬರೀ ಬೀಳದಂತೆ ನಿಲ್ಲೋಕೆ ಇಷ್ಟೊಂದು ಬೇಕಾ?

ಇದನ್ನು ತಂತಿ ಹಿಡಿದು ಹುಡುಕೋದು ಕಷ್ಟ. ಮೇಲಿನ ಕಾರ್ಟೆಕ್ಸ್‌ನಿಂದ ಅನುಮಸ್ತಿಷ್ಕಕ್ಕೆ ನೇರ ಸಂಪರ್ಕ ಇಲ್ಲ. ಸಂದೇಶ ಪಾನ್ಸ್ ಎಂಬ ಜಂಕ್ಷನ್‌ನಲ್ಲಿ ಇಳಿದು, ಅಡ್ಡ ದಾಟಿ, ಎದುರು ಬದಿಯ ಅನುಮಸ್ತಿಷ್ಕ ಸೇರುತ್ತದೆ. ವಾಪಸ್ ಬರುವಾಗ ಥಲಾಮಸ್ ಮೂಲಕ. ಹಾಗಾಗಿ ಸಂಶೋಧಕರು ಹೆಚ್ಚಾಗಿ ಎಫ್‌ಎಂಆರ್‌ಐ ಮೊರೆ ಹೋಗುತ್ತಾರೆ. ಅದು ಅಳೆಯೋದು ನರಕೋಶದ ವಿದ್ಯುತ್ತನ್ನಲ್ಲ, ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. ಎರಡು-ಮೂರು ಮಿಲಿಮೀಟರ್‌ನ ಒಂದೊಂದು ವೋಕ್ಸೆಲ್‌ಗೂ ಒಂದು ಟೈಮ್ ಸೀರೀಸ್ ಸಿಗುತ್ತದೆ. ಸುಮ್ಮನೆ ಮಲಗಿದ್ದಾಗಲೂ ಎಡ-ಬಲ ಚಲನಾ ಪ್ರದೇಶಗಳ ಸಿಗ್ನಲ್ ಒಟ್ಟಿಗೆ ಏರಿಳಿಯುತ್ತದೆ ಎಂದು ಭರತ್ ಬಿಸ್ವಾಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಅಲ್ಲಿಂದ ಮುಂದೆ ಆಟವೆಲ್ಲ ಕೋರಿಲೇಶನ್‌ದೇ. ನಮ್ಮ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪೇಪರಿನಲ್ಲಿ ಬರುತ್ತಲ್ಲ, ಅದೇ.

ಎಡವಟ್ಟು ಇರೋದು ಜಾಗದಲ್ಲಿ. ನೋಟದ ಕಾರ್ಟೆಕ್ಸ್ ಇರೋದೂ ತಲೆಯ ಹಿಂಭಾಗದಲ್ಲೇ, ಅನುಮಸ್ತಿಷ್ಕದ ಮಾಳಿಗೆಯ ಹಾಗೆ. ನಡುವೆ ಟೆಂಟೋರಿಯಂ ಎಂಬ ತೆಳು ಪೊರೆ. ನಾಯ್ಸ್ ಕಡಿಮೆ ಮಾಡೋಕೆ ಡೇಟಾವನ್ನು ನಾಲ್ಕಾರು ಮಿಲಿಮೀಟರ್ ಸ್ಮೂತ್ ಮಾಡಿದರೆ ಮೇಲ್ಮನೆಯ ಟಿವಿ ಸದ್ದು ಕೆಳಮನೆಯಲ್ಲೂ ಕೇಳುತ್ತದೆ. ಆಗ ಕೋರಿಲೇಶನ್ ಬಂದೇ ಬರುತ್ತದೆ. ಅದನ್ನು ಸಂಪರ್ಕ ಅಂತ ಕರೆದರೆ ಕಥೆ ಮುಗಿಯಿತು. ಪಿಸಿಬಿ ಡಿಸೈನ್ ಮಾಡಿದವರಿಗೆ ಈ ಕ್ರಾಸ್‌ಟಾಕ್ ಹೊಸದಲ್ಲ.

ರಾಂಡಿ ಬಕ್ನರ್ ತಂಡ 2011ರಲ್ಲಿ 1,000 ಜನರ ಡೇಟಾ ತೆಗೆದುಕೊಂಡಾಗ ಅಕ್ಕಪಕ್ಕದ ಕಾರ್ಟೆಕ್ಸ್‌ನ ಸಿಗ್ನಲ್ಲನ್ನು ರಿಗ್ರೆಶನ್ ಮಾಡಿ ಕಳೆದೇ ಲೆಕ್ಕ ಹಾಕಿತು. ಕಾರ್ಟೆಕ್ಸ್‌ನ ಬಹುಪಾಲಿಗೆ ಅನುಮಸ್ತಿಷ್ಕದಲ್ಲಿ ಪ್ರತಿನಿಧಿ ಸಿಕ್ಕಿತು. ತೀರಾ ಪಕ್ಕದ ನೆರೆಯಾದ ಪ್ರಾಥಮಿಕ ದೃಷ್ಟಿ ಪ್ರದೇಶಕ್ಕೇ ಸಿಗಲಿಲ್ಲ!

ಹಾಗಾದರೆ ನೋಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ? ಇದೆ, ಆದರೆ ಬೇರೆ ಬಾಗಿಲಿನಿಂದ. 2016ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ತಂಡವೊಂದು ಒಂದೇ ಥರದ ಚುಕ್ಕಿಗಳ ಗುಂಪಿನಲ್ಲಿ ಕೆಲವನ್ನು ಮಾತ್ರ ಮನಸ್ಸಿನಲ್ಲೇ ಹಿಂಬಾಲಿಸುವ ಕೆಲಸ ಕೊಟ್ಟಿತು. ಅನುಮಸ್ತಿಷ್ಕದ 7-ಬಿ ಮತ್ತು 8-ಎ ಮಡಿಕೆಗಳು ಎಚ್ಚೆತ್ತವು. ನೋಟದ ಗಮನವನ್ನು ನಿಭಾಯಿಸುವ ಪ್ಯಾರೈಟಲ್ ಪ್ರದೇಶದ ಜಾಲಕ್ಕೆ ಇವೂ ಸೇರಿವೆ ಎಂಬುದು ಅವರ ತೀರ್ಮಾನ.

ನಮಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 2019ರ ಕೆಲಸ. ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್‌ನ 181 ಜನರ ಡೇಟಾ, 7 ಟೆಸ್ಲಾ ಯಂತ್ರದ್ದು, ಬಳಸಿ ಅನುಮಸ್ತಿಷ್ಕದಲ್ಲಿ ನೋಟದ ನಕ್ಷೆಗಳನ್ನೇ ಹುಡುಕಿದರು. ಈಗ ಕೊಂಚ ಯೋಚಿಸಿ. ಎಡಗಡೆ ಕಂಡದ್ದು ಬಲ ಕಾರ್ಟೆಕ್ಸ್‌ಗೆ ಹೋಗುತ್ತದೆ. ಅಲ್ಲಿಂದ ಮತ್ತೆ ಅಡ್ಡ ದಾಟಿ ಎಡ ಅನುಮಸ್ತಿಷ್ಕಕ್ಕೆ ಬರಬೇಕು. ಎರಡು ಸಲ ದಾಟಿದರೆ ಹೊರಟ ಬದಿಗೇ ವಾಪಸ್. ಆದರೆ ಅದು ಬರೀ ಮಾಳಿಗೆಯಿಂದ ಸೋರಿದ ಸಿಗ್ನಲ್ ಆಗಿದ್ದರೆ? ಎಡ ಅನುಮಸ್ತಿಷ್ಕದ ಮೇಲಿರೋದು ಎಡ ಕಾರ್ಟೆಕ್ಸ್, ಅದು ನೋಡೋದು ಬಲಗಡೆಯನ್ನು. ಹಾಗಾಗಿ ನಕ್ಷೆ ಉಲ್ಟಾ ಬರಬೇಕಿತ್ತು. ಸಿಕ್ಕ ನಕ್ಷೆಗಳು ಮುಖ್ಯವಾಗಿ ಅದೇ ಬದಿಯವು. ಸೋರಿಕೆಯ ವಾದಕ್ಕೆ ಇದಕ್ಕಿಂತ ಚೊಕ್ಕ ಉತ್ತರ ಕೊಡೋದು ಕಷ್ಟ.

ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನೋದನ್ನು ಕೋರಿಲೇಶನ್ ಹೇಳಲ್ಲ, ಅದು ಬೇರೆ ಮಾತು. ಈ ಪ್ರಾಜೆಕ್ಟ್‌ನ ಡೇಟಾ ಷರತ್ತುಗಳಿಗೆ ಒಪ್ಪಿದವರಿಗೆ ಉಚಿತ, ಪೈಥಾನ್ ನಮಗೆ ಬರುತ್ತದೆ. ಮಿನಿ ಪ್ರಾಜೆಕ್ಟ್‌ಗೆ ಕೈ ಹಾಕೋರು ಮೊದಲು ಅನುಮಸ್ತಿಷ್ಕವನ್ನು ಮಾಸ್ಕ್ ಹಾಕಿ ಬೇರ್ಪಡಿಸಿಕೊಳ್ಳಿ, ಆಮೇಲೆ ಸ್ಮೂತ್ ಮಾಡಿ. ಅದಕ್ಕೆಂದೇ ಸೂಟ್ ಎಂಬ ಟೂಲ್‌ಬಾಕ್ಸ್ ಇದೆ.