ಕಡಲಾಚೆಯ ವಹಿಗಳು

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಪೂರ್ವಕ್ಕೆ, ಮಾರಿಷಸ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಮೋಕಾ ಎಂಬ ಊರಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಬ್ರಿಟಿಷರ ಕಾಲದ ದಪ್ಪ ದಪ್ಪ ವಹಿಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬರಲಾಗಿದೆ. ಅವುಗಳನ್ನು ಅರಸಿಕೊಂಡು ಬರುವವರೆಲ್ಲ ಇತಿಹಾಸ ಪಂಡಿತರಲ್ಲ. ರೈತರು, ಉಪಾಧ್ಯಾಯರು, ಅಂಗಡಿಕಾರರು, ಮೊಮ್ಮಕ್ಕಳ ಕೈಹಿಡಿದು ಬರುವ ಅಜ್ಜಿಯರು, ಎಲ್ಲರೂ ಕೇಳುವುದು ಒಂದೇ: ನಮ್ಮ ಹಿರಿಯರು ಯಾವ ಊರಿನವರು?

ಈ ಪ್ರಶ್ನೆಯ ಹಿಂದೆ ದೊಡ್ಡದೊಂದು ಕಥೆಯಿದೆ. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು 36 ಮಂದಿ ಭಾರತೀಯ ಕೂಲಿಗಾರರನ್ನು ಹೊತ್ತು ಪೋರ್ಟ್ ಲೂಯಿ ಬಂದರನ್ನು ಮುಟ್ಟಿತು. ಗುಲಾಮಗಿರಿ ಕೊನೆಗೊಳ್ಳಲಿದ್ದ ಕಾಲವದು. ಕಬ್ಬಿನ ತೋಟಗಳಿಗೆ ಅಗ್ಗದ ಆಳುಗಳು ಬೇಕಾಗಿದ್ದರು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಬಿಹಾರದಿಂದ, ತಮಿಳು ತೆಲುಗು ನಾಡುಗಳಿಂದ, ಮರಾಠಿ ಸೀಮೆಯಿಂದ ಸುಮಾರು ನಾಲ್ಕೂವರೆ ಲಕ್ಷ ಜನ ಕರಾರಿಗೆ ಒಪ್ಪಿ ಆ ದ್ವೀಪಕ್ಕೆ ಹೋದರು. ಬಹುಪಾಲು ಜನ ಅಲ್ಲಿಯೇ ನೆಲೆಸಿದರು. ಬಂದಿಳಿದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಜಾತಿ, ಜಿಲ್ಲೆ, ಹಳ್ಳಿ.

ಇಷ್ಟೆಲ್ಲ ಬರೆದಿಟ್ಟಿದ್ದರೂ ಹುಡುಕುವುದು ಸುಲಭವಲ್ಲ. ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದ. ಆರುಮುಗಂ ಎಂಬಾತ ‘ಆರ್ಮೂಗಂ’ ಆದ. ಅಪ್ಪನ ಹೆಸರೇ ಮುಂದೆ ಮನೆತನದ ಹೆಸರಾಯಿತು. ಒಂದೇ ಹೆಸರಿನವರು ವಹಿಯ ತುಂಬ ಸಿಕ್ಕುತ್ತಾರೆ. ಆದುದರಿಂದ ಬಲ್ಲ ಸಿಬ್ಬಂದಿ ಮೊದಲು ಕೇಳುವುದು ಸಂಖ್ಯೆಯನ್ನು. ಅದು ಮನೆಯ ಪೆಟ್ಟಿಗೆಯಲ್ಲಿರುವ ಯಾವುದೋ ಹಳೆಯ ಜನನ ಪತ್ರದಲ್ಲಿ ಅಡಗಿರಬಹುದು. ಅದೂ ಇಲ್ಲವಾದರೆ, ಅಜ್ಜಿ ಯಾವ ತೋಟದ ಹೆಸರು ಹೇಳುತ್ತಿದ್ದರು, ಅಜ್ಜನ ‘ಜಹಾಜಿ ಭಾಯಿ’ ಯಾರು ಎಂದು ವಿಚಾರಿಸುತ್ತಾರೆ. ಒಂದೇ ಹಡಗಿನಲ್ಲಿ ಬಂದವರು ಪರಸ್ಪರ ಸೋದರರೆಂದು ಬಾಳಿದ ಕಾಲವದು. ಹೀಗಾಗಿ ಒಂದು ಮನೆಯವರು ಕಂಡುಕೊಂಡ ಹಡಗಿನ ಹೆಸರು ಇನ್ನೊಂದು ಮನೆಯ ಬಾಗಿಲನ್ನೂ ತೆರೆಯಬಲ್ಲದು. ವಹಿಯಲ್ಲಿ ಇಲ್ಲದ ಮದುವೆ, ಮಕ್ಕಳು, ಮನೆಮಾತುಗಳನ್ನು ಹುಡುಕಲು ಬಂದವರೇ ತಿಳಿಸುತ್ತಾರೆ. ಕೇಳಲು ಬಂದವರು ಕೊಟ್ಟು ಹೋಗುತ್ತಾರೆ.

ವಹಿಯಲ್ಲಿರುವುದನ್ನೆಲ್ಲ ಎದುರಿಗಿದ್ದವರಿಗೆ ಒಮ್ಮೆಲೇ ಓದಿಹೇಳುವುದು ನೆರವೆನಿಸದು. ಮನೆಯಲ್ಲಿ ಕೇಳಿ ಬೆಳೆದ ಕುಲದ ಕಥೆ ಒಂದು, ಗುಮಾಸ್ತ ಬರೆದ ಜಾತಿ ಇನ್ನೊಂದು ಆಗಿರುವುದುಂಟು. ಅಂಥ ಪುಟವನ್ನು ತೆರೆಯುವ ಕೈಗೆ ಕಣ್ಣಿಗಿಂತ ಹೆಚ್ಚಾಗಿ ಮನಸ್ಸು ಬೇಕು.

ಮುಂದಿನ ತೊಡಕು ಭಾರತದಲ್ಲಿ. ‘ಷಾಹಾಬಾದ್’ ಜಿಲ್ಲೆಯೆಂದು ಬರೆದ ಚೀಟಿ ಹಿಡಿದು ಬಿಹಾರಕ್ಕೆ ಬಂದವನಿಗೆ ಇಂದಿನ ನಕಾಶೆಯಲ್ಲಿ ಆ ಜಿಲ್ಲೆ ಕಾಣದು. 1972ರಲ್ಲಿ ಅದನ್ನು ಭೋಜಪುರ, ರೋಹ್ತಾಸ್ ಎಂದು ಒಡೆಯಲಾಯಿತು. ಹಳ್ಳಿಯ ಹೆಸರಂತೂ ಇಂಗ್ಲಿಷ್ ಅಕ್ಷರಗಳಲ್ಲಿ ಗುರುತು ಸಿಕ್ಕದಷ್ಟು ಸೊರಗಿರುತ್ತದೆ. ಅದನ್ನು ಗಟ್ಟಿಯಾಗಿ ಓದಿದಾಗ, ಕಟ್ಟೆಯ ಮೇಲೆ ಕುಳಿತ ಮುದುಕನೊಬ್ಬ, ಅಂಚೆಯವನೊಬ್ಬ, “ಓಹೋ, ಆ ಊರೇ!” ಎನ್ನಬೇಕು. ಭೋಜಪುರಿ ಸೀಮೆಯವರು ಮಾರಿಷಸ್ಸನ್ನು ‘ಮಿರಿಚ್’ ಎಂದು ಕರೆಯುತ್ತಿದ್ದರು. ಮಿರಿಚ್‌ಗೆ ಹೋದವನು ತಿರುಗಿ ಬರಲಿಲ್ಲ ಎಂಬಷ್ಟೇ ನೆನಪು ಉಳಿದಿರುವ ಮನೆಗೆ ಈ ಹೊಸಬನೇ ಉತ್ತರ ತಂದವನಾಗುತ್ತಾನೆ: ಅವನು ಬದುಕಿದ್ದ, ಮದುವೆಯಾದ, ಇಷ್ಟು ಮಕ್ಕಳು ಎಂದು.

ಮೋಕಾದಲ್ಲಿ ಹತ್ತೊಂಬತ್ತನೆಯ ಶತಮಾನದ ಭಾವಚಿತ್ರಗಳೂ ಇವೆ. 1867ರ ಕಾನೂನಿನಂತೆ, ಕರಾರು ಮುಗಿಸಿದ ಕೂಲಿಗಾರನು ತನ್ನ ಭಾವಚಿತ್ರವಿದ್ದ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕಾಗಿತ್ತು. ಇಲ್ಲವಾದರೆ ಪೊಲೀಸರು ಹಿಡಿಯುತ್ತಿದ್ದರು. 1871ರಲ್ಲಿ ಸಾವಿರಾರು ಕೂಲಿಗಾರರು ತಮ್ಮ ಕಷ್ಟಗಳನ್ನು ಸರಕಾರಕ್ಕೆ ಬಿನ್ನವಿಸಿಕೊಂಡರು. ಆ ಅರ್ಜಿಯನ್ನು ಸಿದ್ಧಪಡಿಸಲು ನೆರವಾದವನು ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ಐರೋಪ್ಯ. ಜನರನ್ನು ಕಟ್ಟಿಹಾಕಲು ತೆಗೆದ ಆ ಚಿತ್ರಗಳೇ ಇಂದು ಮೊಮ್ಮಕ್ಕಳ ಪಾಲಿನ ಆಸ್ತಿ.

ವೃದ್ಧೆಯೊಬ್ಬರು ಸಂಖ್ಯೆ ಹಿಡಿದು ಬಂದಿದ್ದಾರೆಂದುಕೊಳ್ಳೋಣ. ಸಿಬ್ಬಂದಿಯಾಕೆ ಪುಟ ತಿರುವಿ ಚಿತ್ರದ ಬಳಿ ಬೆರಳಿಡುತ್ತಾಳೆ. ಬರಿಯ ಭುಜದ, ಹುಬ್ಬು ಗಂಟಿಕ್ಕಿದ ಯುವಕ. ವೃದ್ಧೆ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡುತ್ತಾರೆ. “ಇದು ನನ್ನ ತಮ್ಮನ ಮೂಗು” ಎನ್ನುತ್ತಾರೆ. ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಟ್ಟು, ಮುಂದಿನ ಮೇಜಿನಲ್ಲಿ ಕಾದಿದ್ದವರ ಕಡೆಗೆ ಹೋಗುತ್ತಾಳೆ.