ಬಾನುಲಿ ತರಂಗಗಳ ಮಿತವ್ಯಯ

ಮನೆಯನ್ನು ತೂಗಿಸಿಕೊಂಡು ಹೋಗುವವರಿಗೆ ಮಿತವ್ಯಯದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಅಕ್ಕಿ, ಸೌದೆ, ನೀರು ಇವು ಅಳತೆಗೆ ಮೀರಿ ದೊರೆಯವೆಂಬುದನ್ನು ಅವರು ಬಲ್ಲರು. ಆದರೆ ಕಣ್ಣಿಗೆ ಕಾಣದ, ಕೈಗೆ ತಾಕದ ಬಾನುಲಿ ತರಂಗಗಳಿಗೂ ಮಿತಿಯುಂಟು, ಅವನ್ನೂ ಅಳೆದು ಬಳಸಬೇಕು ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಆಕಾಶಕ್ಕೆ ಎಲ್ಲೆ ಎಲ್ಲಿಯದು ಎಂದು ಕೇಳಬಹುದು. ಆ ಮಿತಿಯು ಎಷ್ಟರಮಟ್ಟಿಗೆ ಪ್ರಕೃತಿಯದು, ಎಷ್ಟರಮಟ್ಟಿಗೆ ನಮ್ಮ ಹಂಚಿಕೆಯ ದೋಷದಿಂದ ಬಂದದ್ದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ತರಂಗಗಳ ಸ್ವಭಾವವನ್ನು ತಿಳಿಯಬೇಕು. ನಿಸ್ತಂತು ಯಂತ್ರವು ಹೊರಡಿಸುವ ವಿದ್ಯುತ್ಕಾಂತ ತರಂಗವು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ವೇಗದಿಂದ ಹರಡುತ್ತದೆ. ಅದು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುವುದೋ ಅದನ್ನು ಆವೃತ್ತಿಯೆಂದು ಕರೆಯುತ್ತೇವೆ. ಬೆಂಗಳೂರು ಆಕಾಶವಾಣಿಯು ಹೆಸರಾದ ೬೧೨ ಕಿಲೋಹರ್ಟ್ಸ್ ಆವೃತ್ತಿಯ ತರಂಗದ ಉದ್ದ ಸುಮಾರು ೪೯೦ ಮೀಟರ್. ಎಫ್.ಎಂ. ಕೇಳುವಾಗ ನಾವು ತಿರುಗಿಸುವ ೧೦೧.೩ ಮೆಗಾಹರ್ಟ್ಸ್‌ನ ತರಂಗವು ೩ ಮೀಟರಿಗಿಂತ ತುಸು ಕಡಿಮೆ. ಮನೆಯೊಳಗಿನ ವೈಫೈ ಯಂತ್ರದ ತರಂಗವು ಒಂದು ಗೇಣಿಗಿಂತಲೂ ಚಿಕ್ಕದು. ಉದ್ದನೆಯ ತರಂಗವು ದೂರ ನಡೆಯಬಲ್ಲದು, ಗೋಡೆ ಗಿಡಗಳನ್ನು ಲೆಕ್ಕಿಸದು. ಆದರೆ ಹೊರುವ ಹೊರೆ ಸ್ವಲ್ಪ. ಗಿಡ್ಡ ತರಂಗಗಳ ಪ್ರದೇಶದಲ್ಲಿ ಅಗಲವಾದ ಸ್ಥಳವಿರುವುದರಿಂದ ಬಹಳ ಹೊರೆಯನ್ನು ಸಾಗಿಸಬಹುದು. ಆದರೆ ಅವು ಒಂದೆರಡು ಗೋಡೆಗಳಿಗೇ ಬಳಲುತ್ತವೆ. ದೂರವೂ ಹೋಗಬೇಕು, ಹೊರೆಯೂ ಹೊರಬೇಕು ಎಂಬವರೆಲ್ಲರೂ ನಡುವಣ ಒಂದೇ ಪಟ್ಟಿಗೆ ಮುಗಿಬೀಳುತ್ತಾರೆ. ಪ್ರಕೃತಿಯು ವಿಧಿಸಿದ ಮಿತಿಯು ಇಷ್ಟೇ.

ನಮ್ಮ ನಾಡಿನಲ್ಲಿ ಬಾನುಲಿಯು ಕಣ್ದೆರೆದಾಗ ಈ ನೂಕುನುಗ್ಗಲು ಇರಲಿಲ್ಲ. ೧೯೩೫ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ಅದಕ್ಕೆ ಆಕಾಶವಾಣಿಯೆಂದು ಹೆಸರಿಟ್ಟರು; ಆ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಸಂದಿತು. ಅಂದು ಸುತ್ತಲಿನ ಆಕಾಶವೆಲ್ಲ ಬರಿದಾಗಿತ್ತು. ೧೯೫೫ರಲ್ಲಿ ಬೆಂಗಳೂರು ನಿಲಯ ಬಂದಿತು. ೨೦೦೧ರ ಜುಲೈ ತಿಂಗಳಲ್ಲಿ ದೇಶದ ಮೊದಲನೆಯ ಖಾಸಗಿ ಎಫ್.ಎಂ. ನಿಲಯವು ಇದೇ ಊರಿನಲ್ಲಿ ಆರಂಭವಾಯಿತು; ಈಗ ಅದು ೯೧.೧ ಮೆಗಾಹರ್ಟ್ಸ್‌ನಲ್ಲಿದೆ. ಅದರ ಬಳಿಕ ಬಂದವುಗಳನ್ನು ರೇಡಿಯೋವಿನ ಮುಳ್ಳನ್ನು ತಿರುಗಿಸಿ ನೋಡಿರಿ: ೯೧.೯, ೯೨.೭, ೯೩.೫, ೯೪.೩. ಪ್ರತಿಯೊಂದಕ್ಕೂ ನಡುವೆ ಸರಿಯಾಗಿ ೦.೮ ಮೆಗಾಹರ್ಟ್ಸ್ ಅಂತರವುಂಟು. ಒಬ್ಬರ ಮಾತಿನಲ್ಲಿ ಮತ್ತೊಬ್ಬರ ಮಾತು ಬೆರೆಯದಿರಲೆಂದು ಸರಕಾರವು ಹಾಕಿದ ಬೇಲಿಯದು. ೮೮ರಿಂದ ೧೦೮ರವರೆಗೆ ಇರುವ ೨೦ ಮೆಗಾಹರ್ಟ್ಸ್‌ನಲ್ಲಿ ಈ ಲೆಕ್ಕದಂತೆ ೨೫ ನಿಲಯಗಳಿಗಿಂತ ಹೆಚ್ಚು ಹಿಡಿಸದು.

ಇಂಥ ಬೇಲಿಯನ್ನು ಹಾಕಿದವರನ್ನು ಹಳಿಯಬೇಕಾಗಿಲ್ಲ. ಹಿಂದಿನ ಯಂತ್ರಗಳು ಮೊಂಡಾಗಿದ್ದವು. ಕೂಗುವುದನ್ನು ಬಲ್ಲವೇ ಹೊರತು ಕೇಳಿಸಿಕೊಳ್ಳುವುದನ್ನು ಅರಿಯವು. ಅಂಥವರಿಗೆ ಬೇರೆ ಬೇರೆ ಕೋಣೆ ಕೊಡುವುದೇ ಲೇಸು. ಆದರೆ ಈ ಏರ್ಪಾಡಿನಲ್ಲಿ ಒಂದು ದೊಡ್ಡ ನಷ್ಟವುಂಟು. ಮೈಸೂರು ಸೀಮೆಯ ಕೆರೆಯ ಕೆಳಗಣ ಊರುಗಳಲ್ಲಿ ನೀರುಗಂಟಿಯೆಂಬವನು ತೂಬು ತೆಗೆದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಬೆಳೆಯ ಸ್ಥಿತಿ ನೋಡಿ ಸರದಿಯಂತೆ ಬಿಡುತ್ತಿದ್ದನು. ಅವನನ್ನು ತೆಗೆದುಹಾಕಿ, ಪ್ರತಿ ಗದ್ದೆಗೂ ಶಾಶ್ವತವಾದ ಕಾಲುವೆಯೊಂದನ್ನು ಕಡಿದುಕೊಟ್ಟು, ಗದ್ದೆ ಬೀಳುಬಿದ್ದಿದ್ದರೂ ನೀರು ಅಲ್ಲಿಗೇ ಹರಿಯಲಿ ಎಂದರೆ ಹೇಗೋ, ತರಂಗಗಳ ಹಂಚಿಕೆಯೂ ಬಹುಕಾಲ ಹಾಗೆಯೇ ನಡೆಯಿತು. ಬೊಂಬಾಯಿಯ ಐ.ಐ.ಟಿ.ಯ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಲೆಕ್ಕವು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ದೂರದರ್ಶನಕ್ಕೆಂದು ಇಟ್ಟ ೪೭೦ರಿಂದ ೫೯೦ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ೧೫ ಕಾಲುವೆಗಳುಂಟು; ಅವುಗಳಲ್ಲಿ ದೇಶದ ಬಹುತೇಕ ಎಲ್ಲ ಕಡೆಗಳಲ್ಲಿಯೂ ೧೨ಕ್ಕೆ ಕಡಿಮೆಯಿಲ್ಲದೆ ಬರಿದಾಗಿದ್ದವು. ಒಂದು ಕಡೆ ಕೊರತೆಯ ಕೂಗು, ಇನ್ನೊಂದು ಕಡೆ ಬೀಳುಭೂಮಿ!

ಈ ವಿಷಯವು ಇಂಜಿನಿಯರುಗಳಿಗೆ ಮಾತ್ರ ಸೇರಿದ್ದೆಂದು ವಾಚಕರು ಪುಟ ತಿರುಗಿಸಬಾರದು. ವಾಯುತರಂಗಗಳು ಸಾರ್ವಜನಿಕರ ಸೊತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೯೫ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಆ ಸೊತ್ತಿನ ಬೆಲೆಯೂ ಅಲ್ಪವಲ್ಲ; ಮೂರನೆಯ ತಲೆಮಾರಿನ ದೂರವಾಣಿಗಾಗಿ ೨೦೧೦ರಲ್ಲಿ ನಡೆದ ಹರಾಜಿನಲ್ಲಿಯೇ ಸರಕಾರಕ್ಕೆ ಸುಮಾರು ೬೭,೭೦೦ ಕೋಟಿ ರೂಪಾಯಿ ಬಂದಿತು. ಮತ್ತು ೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಮೊಬೈಲಿನ ಮೂಲಕ ನಡೆದಾಗ, ತರಂಗ ದೊರೆತ ಹುಡುಗಿಯು ಪಾಠ ಕಲಿತಳು, ದೊರೆಯದವಳು ಹಿಂದುಳಿದಳು. ಮಲೆನಾಡಿನ ಮಕ್ಕಳು ಗುಡ್ಡವನ್ನೇರಿ, ಕೊಡೆ ಹಿಡಿದು ಕುಳಿತು ಪಾಠ ಕೇಳಿದ ವರ್ತಮಾನವನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ.

ಹಾಗಾದರೆ ಬೇಲಿಯಿಲ್ಲದೆ ಬಾಳುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಕಮ್ಮನಹಳ್ಳಿಯೇ ನಿದರ್ಶನ. ಇಲ್ಲಿನ ಅಡ್ಡರಸ್ತೆಗಳಲ್ಲಿ ಮನೆಗೆ ಮನೆ ತಾಗಿ, ಮಹಡಿಯ ಮೇಲೆ ಮಹಡಿ ಎದ್ದಿದೆ. ಯಾವುದಾದರೂ ಮೂರನೆಯ ಮಹಡಿಯಲ್ಲಿ ನಿಂತು ಮೊಬೈಲಿನಲ್ಲಿ ವೈಫೈ ಹೆಸರುಗಳ ಪಟ್ಟಿಯನ್ನು ತೆರೆದರೆ ನೆರೆಹೊರೆಯವರ ಯಂತ್ರಗಳೆಲ್ಲ ಸಾಲಾಗಿ ಕಾಣಿಸಿಕೊಳ್ಳುವುವು. ಇವೆಲ್ಲವೂ ೨೪೦೦ರಿಂದ ೨೪೮೩.೫ ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯೊಂದರಲ್ಲಿ ಬಾಳುತ್ತವೆ. ೨೦೦೫ರ ಜನವರಿಯಲ್ಲಿ ಸರಕಾರವು ಇದನ್ನು, ಅಲ್ಪ ಶಕ್ತಿಯ ಯಂತ್ರಗಳಿಗೆ ಲೈಸೆನ್ಸ್ ಬೇಡವೆಂದು, ಊರ ಗೋಮಾಳದಂತೆ ಬಿಟ್ಟುಕೊಟ್ಟಿತು. ೨೦೧೮ರಲ್ಲಿ ೫ ಗಿಗಾಹರ್ಟ್ಸ್ ಆಸುಪಾಸಿನ ಇನ್ನೂ ವಿಶಾಲವಾದ ಪಟ್ಟಿಯನ್ನೂ ಹೀಗೆಯೇ ತೆರೆಯಿತು.

ಗೋಮಾಳದಲ್ಲಿ ಜಗಳವಾಗದಿರುವುದು ಹೇಗೆ? ವೈಫೈ ಯಂತ್ರವು ಮಾತಾಡುವ ಮೊದಲು ಕಿವಿಗೊಡುತ್ತದೆ. ಬೇರೊಬ್ಬರ ಮಾತು ನಡೆದಿದ್ದರೆ ತಡೆಯುತ್ತದೆ. ಮಾತು ನಿಂತೊಡನೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರೆ ಮತ್ತೆ ಗದ್ದಲವಷ್ಟೆ. ಆದಕಾರಣ ಪ್ರತಿಯೊಂದು ಯಂತ್ರವೂ ಮನಸ್ಸಿಗೆ ಬಂದಂತೆ ೦ಯಿಂದ ೧೫ರೊಳಗಿನ ಒಂದು ಸಂಖ್ಯೆಯನ್ನು ಆರಿಸಿಕೊಂಡು ಹಿಂದುಹಿಂದಾಗಿ ಎಣಿಸುತ್ತದೆ. ಒಂದೊಂದು ಎಣಿಕೆಗೂ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೯ ಭಾಗ ಮಾತ್ರ ಹಿಡಿಯುವುದು. ಯಾರ ಎಣಿಕೆ ಮೊದಲು ಮುಗಿಯುವುದೋ ಅವರು ಮಾತಾಡುವರು. ಉಳಿದವರು ಎಣಿಕೆಯನ್ನು ಅಲ್ಲಿಯೇ ನಿಲ್ಲಿಸಿ ಕಾಯುವರು. ದೈವವಶಾತ್ ಇಬ್ಬರಿಗೂ ಒಂದೇ ಸಂಖ್ಯೆ ಬಂದು ಮಾತಿಗೆ ಮಾತು ಡಿಕ್ಕಿ ಹೊಡೆದರೆ, ಮುಂದಿನ ಸಲ ೩೧ರೊಳಗೆ, ಆಮೇಲೆ ೬೩ರೊಳಗೆ, ಹೀಗೆ ೧೦೨೩ರವರೆಗೂ ಆಯ್ಕೆಯನ್ನು ಹಿಗ್ಗಿಸುತ್ತ ಹೋಗುವರು. ಗುಂಪು ಹೆಚ್ಚಿದಷ್ಟೂ ತಾಳ್ಮೆ ಹೆಚ್ಚುತ್ತದೆ. ಮೇಲ್ವಿಚಾರಕರಿಲ್ಲದೆ ತರಗತಿಯೊಂದು ತಾನಾಗಿಯೇ ಶಿಸ್ತಿನಿಂದ ನಡೆಯುವುದೆಂದರೆ ಇದೇ. ನಮ್ಮಲ್ಲಿ ಪಾಠ ಹೇಳಿದವರು ಯಾರೂ ಇದನ್ನು ಸುಲಭವಾಗಿ ನಂಬಲಾರರು.

ಇಲ್ಲಿ ಗೃಹಸ್ಥರಿಗೆ ಉಪಯೋಗವಾಗುವ ಒಂದು ಮಾತು. ಈ ಪಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ೧, ೬, ೧೧ ಎಂಬ ಮೂರು ಕಾಲುವೆಗಳು ಹಿಡಿಸುತ್ತವೆ. ನೆರೆಯವರು ೧ನ್ನೂ ೬ನ್ನೂ ಹಿಡಿದಿದ್ದಾರೆಂದು ಜಾಣತನದಿಂದ ೩ನ್ನು ಆರಿಸಿಕೊಂಡವರು ತಮಗೂ ಕೇಡು ತಂದುಕೊಂಡು, ಎರಡು ಮನೆಗಳಿಗೂ ಕೇಡು ಮಾಡುವರು. ಯಾಕೆಂದರೆ ಒಂದೇ ಕಾಲುವೆಯಲ್ಲಿರುವ ಯಂತ್ರಗಳು ಪರಸ್ಪರರ ಮಾತನ್ನು ತಿಳಿದು ಸರದಿ ಕಾಯುತ್ತವೆ. ಅರೆಬರೆ ತಾಗುವ ಕಾಲುವೆಯ ಮಾತು ಬರಿಯ ಗದ್ದಲವಾಗಿ ಕೇಳಿಸುತ್ತದೆ. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಈ ಪಟ್ಟಿಯಲ್ಲಿಯೇ ಉರಿಯುವುದು. ಸಾಮಾನ್ಯವಾದ ಒಲೆಗಳು ನಮ್ಮ ವಿದ್ಯುತ್ತಿನ ತಾಳಕ್ಕೆ ತಕ್ಕಂತೆ ಸೆಕೆಂಡಿಗೆ ೫೦ ಸಲ ಬಿಟ್ಟು ಬಿಟ್ಟು ಉರಿಯುವುದರಿಂದ, ಆ ಬಿಡುವಿನಲ್ಲಿ ವೈಫೈ ತನ್ನ ಕೆಲಸವನ್ನು ಮಾಡಿಕೊಳ್ಳುವುದು.

ಕಿವಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನದ ರೀತಿಯೇ ಬೇರೆ. ಅದು ಪಟ್ಟಿಯನ್ನು ೭೯ ಸಣ್ಣ ಮೆಟ್ಟಿಲುಗಳಾಗಿ ಭಾಗಿಸಿ ಸೆಕೆಂಡಿಗೆ ೧,೬೦೦ ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ೨೦೦೩ರ ಬಳಿಕ ಬಂದವುಗಳಿಗೆ ಇನ್ನೊಂದು ಬುದ್ಧಿಯೂ ಸೇರಿತು: ಯಾವ ಮೆಟ್ಟಿಲಲ್ಲಿ ವೈಫೈ ಕುಳಿತಿರುವುದೋ ಅದನ್ನು ಗುರುತಿಟ್ಟುಕೊಂಡು ಉಳಿದವುಗಳ ಮೇಲೆ ಮಾತ್ರ ಜಿಗಿಯುವುದು. ಹೀಗೆ ಜಿಗಿಯುವ ಉಪಾಯಕ್ಕೆ ೧೯೪೨ರಷ್ಟು ಹಿಂದೆಯೇ ಅಮೆರಿಕದಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರು ವಿಯೆನ್ನಾ ನಗರದಲ್ಲಿ ಹುಟ್ಟಿದ ಚಲನಚಿತ್ರ ನಟಿ ಹೆಡಿ ಲಮಾರ್. ಸಂಗೀತಗಾರ ಜಾರ್ಜ್ ಆಂಥೈಲ್ ಎಂಬವರ ಜೊತೆಗೂಡಿ, ಪಿಯಾನೋವಿನ ೮೮ ಮನೆಗಳಂತೆ ೮೮ ಆವೃತ್ತಿಗಳ ಮೇಲೆ ಜಿಗಿಯುವ ಸಂಕೇತವನ್ನು ಟಾರ್ಪಿಡೋಗಳಿಗಾಗಿ ಆಕೆ ಕಲ್ಪಿಸಿದ್ದರು. ನಟಿಯ ಮಾತೆಂದು ನೌಕಾಪಡೆಯು ಅಂದು ಅದನ್ನು ಲಕ್ಷ್ಯಕ್ಕೆ ತಂದುಕೊಂಡಂತೆ ಕಾಣದು.

ಮೊಬೈಲಿನ ಜಾಣತನವು ಇನ್ನೂ ಸೂಕ್ಷ್ಮವಾದದ್ದು. ಎದುರಿಗೆ ಕುಳಿತವರೊಡನೆ ಬೇಗಬೇಗನೆ ಮಾತಾಡುವ ನಾವು, ಹೊಲದಾಚೆ ನಿಂತವರಿಗೆ ಒಂದೊಂದು ಅಕ್ಷರವನ್ನೂ ಬಿಡಿಸಿ ಕೂಗುತ್ತೇವೆ. ನಾಲ್ಕನೆಯ ತಲೆಮಾರಿನ ಮೊಬೈಲು ಹಾಗೆಯೇ ತನಗೆ ಕೇಳಿಸುತ್ತಿರುವ ಸ್ಪಷ್ಟತೆಯನ್ನು ಗೋಪುರಕ್ಕೆ ಆಗಾಗ ವರದಿ ಮಾಡುತ್ತದೆ. ಗೋಪುರವು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೊಮ್ಮೆ ಯಾರಿಗೆ ಯಾವ ತುಣುಕು, ಒಂದೊಂದು ಸಂಕೇತದಲ್ಲಿ ಎಷ್ಟು ಹೊರೆ ಎಂಬುದನ್ನು ಹೊಸದಾಗಿ ನಿರ್ಧರಿಸುತ್ತದೆ. ನೀರುಗಂಟಿಯು ಇಲ್ಲಿ ಮರಳಿ ಬಂದನೆನ್ನಬಹುದು. ದನಿಯ ಎತ್ತರವನ್ನೂ ಅಳತೆಯಲ್ಲಿಡಬೇಕು. ಮೂರನೆಯ ತಲೆಮಾರಿನ ಮೊಬೈಲಿಗೆ ಏರಿಸು, ಇಳಿಸು ಎಂಬ ಆಜ್ಞೆಯು ಸೆಕೆಂಡಿಗೆ ೧,೫೦೦ ಸಲ ಬರುತ್ತಿತ್ತು. ಗೋಪುರದ ಬುಡದಲ್ಲಿರುವವರು ಅಗತ್ಯಕ್ಕೆ ಮೀರಿ ಕೂಗಿದರೆ ದೂರದವರ ಮೆಲುದನಿ ಮುಳುಗಿಹೋಗುವುದಷ್ಟೆ.

ಇತ್ತೀಚಿನ ಗೋಪುರಗಳು ಅನೇಕ ಆಂಟೆನಾಗಳನ್ನು ಒಟ್ಟುಗೂಡಿಸಿ, ತರಂಗವನ್ನು ಸುತ್ತಲೂ ಚೆಲ್ಲದೆ, ಕೇಳುವವರಿದ್ದ ಕಡೆಗೇ ಕಿರಣದಂತೆ ತಿರುಗಿಸುತ್ತವೆ. ಆಂಟೆನಾಗಳ ಮಾತು ಬಂದಾಗ ನಮ್ಮ ಹೆಣ್ಣುಮಕ್ಕಳು ನೆನೆಯಬೇಕಾದ ಹೆಸರೊಂದು ಬೆಂಗಳೂರಿನಲ್ಲಿಯೇ ಉಂಟು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಕನ್ನಡನಾಡಿನವರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಓದಿ, ೧೯೪೩ರಲ್ಲಿ, ಕಮ್ಮನಹಳ್ಳಿಯಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ ೧೯೫೩ರಲ್ಲಿ ಅದೇ ಸಂಸ್ಥೆಯ ಅಧ್ಯಾಪಕಿಯಾದರು. ಅಲ್ಲಿ ಇಂಜಿನಿಯರಿಂಗ್ ಕಲಿಸಿದ ಮೊದಲನೆಯ ಮಹಿಳೆ ಅವರೇ. ಸೂಕ್ಷ್ಮತರಂಗಗಳನ್ನೂ ಆಂಟೆನಾಗಳನ್ನೂ ಕುರಿತು ಅವರು ಪಾಠ ಹೇಳಿದರು, ಗ್ರಂಥಗಳನ್ನು ಬರೆದರು, ೨೦೧೦ರಲ್ಲಿ ತೀರಿಕೊಂಡರು. ಅದೇ ಸಂಸ್ಥೆಯಲ್ಲಿ ನಿಸ್ತಂತು ಯಂತ್ರಗಳು ಸಂದರ್ಭಕ್ಕೆ ಹೊಂದಿಕೊಳ್ಳುವ ಬಗೆಯನ್ನು ಸಂಶೋಧಿಸಿದ ನೀಲೇಶ್ ಮೆಹತಾ ಅವರಿಗೆ ೨೦೧೭ರ ಭಟ್ನಾಗರ್ ಪ್ರಶಸ್ತಿ ಸಂದಿತು.

ಗೋಮಾಳದಲ್ಲಿ ನಡೆದ ಈ ಸೌಜನ್ಯವನ್ನು ಬೇಲಿಯೊಳಗಣ ಬೀಳುಭೂಮಿಗೂ ಏಕೆ ಒಯ್ಯಬಾರದು? ಒಡೆಯನಿಲ್ಲದ ಹೊತ್ತನ್ನು ತಾನೇ ಅರಿತು ಬಳಸಿ, ಒಡೆಯನು ಬಂದೊಡನೆ ಎದ್ದು ಸರಿಯುವ ಯಂತ್ರದ ಕಲ್ಪನೆಯನ್ನು ೧೯೯೯ರಲ್ಲಿ ಜೋಸೆಫ್ ಮಿಟೋಲಾ ಎಂಬವರು ಮುಂದಿಟ್ಟರು. ಅದನ್ನು ಅರಿವುಳ್ಳ ಬಾನುಲಿ ಎನ್ನಬಹುದು. ಆದರೆ ಕಿವಿಯನ್ನೇ ನಂಬುವುದರಲ್ಲಿ ಅಪಾಯವುಂಟು. ಗುಡ್ಡದ ಮರೆಯಲ್ಲಿರುವ ಯಂತ್ರಕ್ಕೆ ಒಡೆಯನ ದನಿ ಕೇಳಿಸದೆ ಇರಬಹುದು. ಯಾರೂ ಇಲ್ಲವೆಂದು ಅದು ಮಾತಾಡಿದರೆ, ನಡುವೆ ಇದ್ದು ಇಬ್ಬರನ್ನೂ ಕೇಳುವವನಿಗೆ ಎರಡೂ ಅರ್ಥವಾಗವು. ಕೆಲವು ಕಡೆ ಇದರಿಂದ ಪ್ರಾಣಕ್ಕೇ ಅಪಾಯ. ೫ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹವಾಮಾನದ ರೇಡಾರುಗಳೂ ಇರುವುದರಿಂದ, ಅಲ್ಲಿ ಕಾಲಿಡುವ ವೈಫೈ ಯಂತ್ರವು ಮೊದಲು ೬೦ ಸೆಕೆಂಡು ಮೌನವಾಗಿ ಕೇಳಬೇಕು, ರೇಡಾರಿನ ಸುಳಿವು ಸಿಕ್ಕಿದರೆ ಕೂಡಲೇ ತೊಲಗಿ ೩೦ ನಿಮಿಷ ಅತ್ತ ಸುಳಿಯಬಾರದು ಎಂದು ಅನೇಕ ದೇಶಗಳು ನಿಯಮಿಸಿವೆ. ಹೀಗಿದ್ದೂ ೨೦೦೯ರಲ್ಲಿ ಪೋರ್ಟೊರಿಕೋ ದ್ವೀಪದ ಸಾನ್ ಹ್ವಾನ್ ವಿಮಾನ ನಿಲ್ದಾಣದ ಬಳಿ, ವಿಮಾನಗಳಿಗೆ ಬಿರುಗಾಳಿಯ ಮುನ್ಸೂಚನೆ ಕೊಡುವ ರೇಡಾರಿಗೆ ಇಂಥ ಯಂತ್ರಗಳು ಅಡ್ಡಿಮಾಡಿದ್ದು ಪತ್ತೆಯಾಯಿತು. ಆದಕಾರಣ ಅಮೆರಿಕ, ಬ್ರಿಟನ್ ದೇಶಗಳಲ್ಲಿ ದೂರದರ್ಶನದ ಬರಿದು ಕಾಲುವೆಗಳನ್ನು ತೆರೆದಾಗ ಕಿವಿಯ ಜೊತೆಗೆ ಕಡತವನ್ನೂ ಇಟ್ಟರು: ಯಂತ್ರವು ತಾನಿರುವ ಸ್ಥಳವನ್ನು ತಿಳಿಸಿ, ಅಲ್ಲಿ ಯಾವುದು ಬರಿದಾಗಿದೆಯೆಂದು ಕೇಳಿ, ಅಪ್ಪಣೆ ಪಡೆದ ಮೇಲೆಯೇ ಮಾತಾಡಬೇಕು. ನಮ್ಮ ದೇಶಕ್ಕೂ ಇದೇ ದಾರಿ ಲೇಸೆಂದು ತೋರುತ್ತದೆ.

೨೦೨೩ರ ದೂರಸಂಪರ್ಕ ಶಾಸನವು, ಒಬ್ಬರಿಗೆ ಕೊಟ್ಟ ತರಂಗವನ್ನು ಎರಡನೆಯವರಿಗೂ ಗೌಣವಾಗಿ ಕೊಡುವುದಕ್ಕೂ, ಬಳಸದೆ ಬಿಟ್ಟದ್ದನ್ನು ಹಿಂದಕ್ಕೆ ಪಡೆಯುವುದಕ್ಕೂ ಎಡೆಮಾಡಿದೆ. ಇದಕ್ಕೂ ಮೊದಲೇ ಐ.ಐ.ಟಿ.ಯವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಕೆಲವು ಹಳ್ಳಿಗಳಿಗೆ ದೂರದರ್ಶನದ ಬರಿದು ಕಾಲುವೆಗಳ ಮೂಲಕ ಇಂಟರ್ನೆಟ್ ಮುಟ್ಟಿಸಿ ನೋಡಿದ್ದರು. ಆ ತರಂಗದ ಉದ್ದ ಅರ್ಧ ಮೀಟರಿಗೂ ಹೆಚ್ಚು. ಮರಗಳ ನಡುವೆ ತೂರಿ ಕೆಲವು ಕಿಲೋಮೀಟರ್ ನಡೆಯಬಲ್ಲದು. ತೀರ್ಥಹಳ್ಳಿ, ಸಿದ್ದಾಪುರ, ಸುಳ್ಯಗಳ ಕಡೆ, ತಂತಿ ಎಳೆಯುವುದಕ್ಕೆ ದುಬಾರಿಯಾದ ಒಂಟಿಮನೆಗಳಿಗೆ ಹೇಳಿಮಾಡಿಸಿದಂಥ ತರಂಗವದು.